ಕ್ಯಾಂಪರ್ ವ್ಯಾನಿಗೆ ಎರಡನೆಯ ಬ್ಯಾಟರಿ: ಎಷ್ಟು ದೊಡ್ಡದು, ಯಾವ ಬಗೆಯದು, ಹೇಗೆ ಕೂರಿಸುವುದು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಸರಕು ಸಾಗಿಸುತ್ತಿದ್ದ ವ್ಯಾನೊಂದನ್ನು ಕೊಂಡು, ಆರು ತಿಂಗಳಿಂದ ನಾನೂ ನನ್ನ ಹೆಂಡತಿಯೂ ಸೇರಿ ಅದನ್ನು ಕ್ಯಾಂಪರ್ ಆಗಿ ಮಾರ್ಪಡಿಸುತ್ತಿದ್ದೇವೆ. ಮಂಚ, ಕಪಾಟು, ಗೋಡೆಯ ಇನ್ಸುಲೇಷನ್ ಎಲ್ಲವೂ ಮುಗಿದು ಈಗ ವೈರಿಂಗ್ ಮಾತ್ರ ಉಳಿದಿದೆ. ಕೈ ನಿಂತುಹೋಗಿರುವುದೂ ಅಲ್ಲಿಯೇ.

ನಾವು ಬಳಸಬೇಕೆಂದಿರುವುದು ಇಷ್ಟು: 12 ವೋಲ್ಟಿನಲ್ಲಿ ಓಡುವ 45 ವ್ಯಾಟಿನ ಕಂಪ್ರೆಸರ್ ಫ್ರಿಜ್, ತಲಾ 4 ವ್ಯಾಟಿನ ಮೂರು ಎಲ್‌ಇಡಿ ದೀಪ, ಚಾವಣಿಯ ಫ್ಯಾನ್, ನೀರಿನ ಪಂಪ್, ಎರಡು ಫೋನ್ ಮತ್ತು ದಿನಕ್ಕೆ ಎರಡು ಗಂಟೆ ಲ್ಯಾಪ್‌ಟಾಪ್. ಒಂದೇ ಜಾಗದಲ್ಲಿ ಎರಡು ದಿನ ನಿಂತು, ಮೂರನೆಯ ದಿನ ಎರಡು ಮೂರು ಗಂಟೆ ಓಡಿಸಿ ಮುಂದಿನ ಊರಿಗೆ ಹೋಗುವುದು ನಮ್ಮ ಕ್ರಮ. 110 ಆಂಪಿಯರ್ ಅವರ್‌ನ ಎರಡು ಎಜಿಎಂ (ಆಮ್ಲವನ್ನು ಗಾಜಿನ ನಾರಿನಲ್ಲಿ ಹೀರಿಸಿಟ್ಟ ಲೆಡ್ ಆಸಿಡ್) ಬ್ಯಾಟರಿಗಳನ್ನು ಸಮಾಂತರವಾಗಿ ಜೋಡಿಸಿ, ಎಂಜಿನ್ ಬ್ಯಾಟರಿಯಿಂದ ಒಂದು ಸ್ಪ್ಲಿಟ್ ಚಾರ್ಜ್ ರಿಲೇ (ಎಂಜಿನ್ ಓಡುವಾಗ ಎರಡೂ ಕಡೆಯ ಬ್ಯಾಟರಿಗಳನ್ನು ಜೋಡಿಸುವ ಸ್ವಿಚ್) ಮೂಲಕ ಚಾರ್ಜ್ ಮಾಡಬೇಕೆಂದು ಅಂದುಕೊಂಡಿದ್ದೆ. ಪರಿಚಯದವರೊಬ್ಬರು, ಮನೆಯಲ್ಲಿ ಸುಮ್ಮನೆ ಬಿದ್ದಿರುವ ಹಳೆಯ ಕಾರ್ ಬ್ಯಾಟರಿಯೇ ಸಾಕು ಎನ್ನುತ್ತಾರೆ. ಮತ್ತೊಬ್ಬರು ಲಿಥಿಯಂ ಬಿಟ್ಟು ಬೇರೆ ಮಾತೇ ಬೇಡ ಎನ್ನುತ್ತಾರೆ. ಚಹಾಕ್ಕೆಂದು 1500 ವ್ಯಾಟಿನ ಕೆಟಲ್ ಇಟ್ಟುಕೊಳ್ಳುವ ಆಸೆಯೂ ಇದೆ. ಬ್ಯಾಟರಿಯನ್ನು ಹಿಂದೆ, ಮಂಚದ ಕೆಳಗೆ ಇಡಬಹುದೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ 1

ಮೊದಲು ಹಳೆಯ ಕಾರ್ ಬ್ಯಾಟರಿಯ ಮಾತನ್ನು ಬದಿಗಿಡೋಣ. ಎಂಜಿನ್ ಚಾಲೂ ಮಾಡುವ ಬ್ಯಾಟರಿಯಲ್ಲಿ ತೆಳುವಾದ ಹಲವಾರು ಫಲಕಗಳಿರುತ್ತವೆ, ಏಕೆಂದರೆ ಅದು ಕೆಲವೇ ಸೆಕೆಂಡು ನೂರಾರು ಆಂಪಿಯರ್ ಕೊಟ್ಟು ಕೂಡಲೇ ಮತ್ತೆ ತುಂಬಿಕೊಳ್ಳಬೇಕು. ಅದನ್ನು ರಾತ್ರಿಯಿಡೀ ನಿಧಾನವಾಗಿ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಕೆಲವೇ ಹತ್ತು ಸಲದಲ್ಲಿ ಅದರ ಕಥೆ ಮುಗಿಯುತ್ತದೆ. ಲೀಷರ್ ಬ್ಯಾಟರಿ ಎಂದು ಕರೆಯುವುದು ದಪ್ಪ ಫಲಕಗಳಿರುವ, ಆಳವಾಗಿ ಖಾಲಿಯಾಗಿ ಮತ್ತೆ ತುಂಬುವುದಕ್ಕೆಂದೇ ಮಾಡಿದ ಬ್ಯಾಟರಿಯನ್ನು. ಸ್ಟಿಕ್ಕರ್ ಬದಲಿಸಿ ಮಾರುವವರೂ ಇರುವುದರಿಂದ, ಎಷ್ಟು ಆಳಕ್ಕೆ ಇಳಿಸಿದರೆ ಎಷ್ಟು ಸಲ ಬಾಳುತ್ತದೆ ಎಂಬ ಅಂಕಿಯನ್ನು ತಯಾರಕರು ಕೊಟ್ಟಿದ್ದಾರೆಯೇ ಎಂದು ನೋಡಿ. ಕೊಡದಿದ್ದರೆ ಕೊಳ್ಳಬೇಡಿ.

ಇನ್ನು ನಿಮ್ಮ ಲೆಕ್ಕ. ಫ್ರಿಜ್ಜಿನ ಕಂಪ್ರೆಸರ್ ಓಡುವಾಗ ಸುಮಾರು 3.75 ಆಂಪಿಯರ್ ಎಳೆಯುತ್ತದೆ. ದಿನದ 24 ಗಂಟೆಯಲ್ಲಿ ಶೇ. 40ರಷ್ಟು ಕಾಲ ಓಡುತ್ತದೆ ಎಂದಿಟ್ಟುಕೊಂಡರೆ 36 ಆಂಪಿಯರ್ ಅವರ್ (ಆಂಪಿಯರ್ ಗುಣಿಸು ಗಂಟೆ) ಆಯಿತು. ಸೆಕೆ ಹೆಚ್ಚಿದಾಗ ಇದು ಇನ್ನೂ ಏರುತ್ತದೆ. ಲ್ಯಾಪ್‌ಟಾಪ್‌ಗೆ 10, ಫ್ಯಾನ್ ರಾತ್ರಿ ಎಂಟು ಗಂಟೆ ತಿರುಗಿದರೆ 12, ದೀಪಗಳಿಗೆ 4, ಫೋನು ಮತ್ತು ಪಂಪ್ ಸೇರಿ ಮೂರೂವರೆ. ಒಟ್ಟು ದಿನಕ್ಕೆ 65ರ ಆಸುಪಾಸು, ಎರಡು ದಿನಕ್ಕೆ 130. ಲೆಡ್ ಆಸಿಡ್ ವರ್ಗದ ಯಾವ ಬ್ಯಾಟರಿಯನ್ನೂ, ಎಜಿಎಂ ಆದರೂ ಸರಿ, ಅರ್ಧಕ್ಕಿಂತ ಕೆಳಗೆ ಇಳಿಸದಿರುವುದು ಒಳ್ಳೆಯದು. ಹಾಗಾಗಿ ನಿಮ್ಮ 220ರಲ್ಲಿ ನಿಜವಾಗಿ ಕೈಗೆ ಸಿಗುವುದು 110 ಮಾತ್ರ. ಎರಡನೆಯ ರಾತ್ರಿಯೇ ಅದು ಸಾಲದು. ಲಿಥಿಯಂ ಐರನ್ ಫಾಸ್ಫೇಟ್‌ನಲ್ಲಿ ಶೇ. 80ರಿಂದ 90ರಷ್ಟನ್ನು ನಿಶ್ಚಿಂತೆಯಿಂದ ಬಳಸಬಹುದಾದ್ದರಿಂದ 150 ಆದರೆ ಸ್ವಲ್ಪ ಬಿಗಿ, 200 ಆದರೆ ನಿರಾಳ. ತೂಕವನ್ನೂ ಗಮನಿಸಿ: 100 ಆಂಪಿಯರ್ ಅವರ್‌ನ ಎಜಿಎಂ 30 ಕಿಲೋ ಹತ್ತಿರ ಇರುತ್ತದೆ, ಅಷ್ಟೇ ಸಾಮರ್ಥ್ಯದ ಲಿಥಿಯಂ 11ರಿಂದ 13 ಕಿಲೋ.

ಆದರೆ ನಾನು ಒತ್ತಿ ಹೇಳಬೇಕೆಂದಿರುವುದು ಬ್ಯಾಟರಿಯ ಗಾತ್ರದ ವಿಷಯವನ್ನಲ್ಲ, ಅದನ್ನು ತುಂಬಿಸುವ ವಿಷಯವನ್ನು. ಬಹುತೇಕರು ಹಂಡೆ ಎಷ್ಟು ದೊಡ್ಡದು ಎಂದು ನೋಡುತ್ತಾರೆಯೇ ಹೊರತು ನಲ್ಲಿಯಲ್ಲಿ ನೀರು ಎಷ್ಟು ಬರುತ್ತದೆ ಎಂದು ನೋಡುವುದಿಲ್ಲ. ಎಜಿಎಂ ಶೇ. 80ರವರೆಗೆ ಬೇಗ ತುಂಬುತ್ತದೆ, ಕೊನೆಯ ಶೇ. 20ಕ್ಕೆ ಎಷ್ಟೇ ದೊಡ್ಡ ಚಾರ್ಜರ್ ಇದ್ದರೂ ನಾಲ್ಕೈದು ಗಂಟೆ ಹಿಡಿಯುತ್ತದೆ. ಮೂರು ದಿನಕ್ಕೊಮ್ಮೆ ಎರಡು ಮೂರು ಗಂಟೆ ಓಡಿಸುವ ನಿಮ್ಮ ಕ್ರಮದಲ್ಲಿ ಅದು ಎಂದಿಗೂ ಪೂರ್ತಿ ತುಂಬುವುದಿಲ್ಲ. ಪೂರ್ತಿ ತುಂಬದೆ ಉಳಿದ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂತು, ಒಂದೆರಡು ವರ್ಷದಲ್ಲಿ 220 ಎಂದು ಬರೆದಿರುವ ಬ್ಯಾಟರಿ 120ರಂತೆ ವರ್ತಿಸತೊಡಗುತ್ತದೆ. ಲಿಥಿಯಂ ಅರ್ಧ ತುಂಬಿದ ಸ್ಥಿತಿಯಲ್ಲಿ ತಿಂಗಳುಗಟ್ಟಲೆ ಇದ್ದರೂ ಅದಕ್ಕೆ ಈ ರೋಗವಿಲ್ಲ. ನಿಮಗೆ ಲಿಥಿಯಂ ಸೂಚಿಸುವುದಕ್ಕೆ ನನ್ನ ಮುಖ್ಯ ಕಾರಣ ಇದೇ.

30 ಆಂಪಿಯರ್‌ನ ಡಿಸಿ-ಡಿಸಿ ಚಾರ್ಜರ್ (ಎಂಜಿನ್ ಬ್ಯಾಟರಿಯಿಂದ ಬರುವ ಕರೆಂಟನ್ನು ಎರಡನೆಯ ಬ್ಯಾಟರಿಗೆ ಬೇಕಾದ ವೋಲ್ಟೇಜಿಗೆ ತಂದು ತುಂಬುವ ಸಾಧನ) ಎರಡು ಗಂಟೆಯ ಓಟದಲ್ಲಿ 60 ಆಂಪಿಯರ್ ಅವರ್ ತುಂಬುತ್ತದೆ. ಅಂದರೆ ಒಂದು ದಿನದ ಬಳಕೆ. ಉಳಿದದ್ದಕ್ಕೆ ಚಾವಣಿಯ ಮೇಲೆ 200 ವ್ಯಾಟಿನ ಸೋಲಾರ್ ಪ್ಯಾನೆಲ್ ಹಾಕಿಸಿದರೆ, ಬಿಸಿಲು ಚೆನ್ನಾಗಿರುವ ದಿನ 50ರಿಂದ 60 ಬರುತ್ತದೆ. ಈ ಎರಡೂ ಇದ್ದರೆ 200ಕ್ಕಿಂತ ದೊಡ್ಡ ಬ್ಯಾಟರಿಯ ಅಗತ್ಯ ನಿಮಗೆ ಕಾಣುತ್ತಿಲ್ಲ.

ಕೆಟಲ್ ಬಗ್ಗೆ: ಐದು ನಿಮಿಷಕ್ಕೆ ಖರ್ಚಾಗುವುದು 10ರಿಂದ 12 ಆಂಪಿಯರ್ ಅವರ್ ಅಷ್ಟೇ, ಅದೇನೂ ಹೆಚ್ಚಲ್ಲ. ಆದರೆ ಆ ಐದು ನಿಮಿಷ ಬ್ಯಾಟರಿಯಿಂದ ಸುಮಾರು 140 ಆಂಪಿಯರ್ ಹರಿಯಬೇಕು. ಬ್ಯಾಟರಿಯೊಳಗಿನ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಎಲೆಕ್ಟ್ರಾನಿಕ್ ನಿಯಂತ್ರಕ) ನಿರಂತರವಾಗಿ ಎಷ್ಟು ಆಂಪಿಯರ್ ಬಿಡುತ್ತದೆ ಎಂಬುದನ್ನು ಓದಿಯೇ ಕೊಳ್ಳಿ. 100ಕ್ಕೆ ನಿಲ್ಲುವಂಥದ್ದಾದರೆ ಕೆಟಲ್ ಹಾಕಿದೊಡನೆ ಇಡೀ ವ್ಯಾನ್ ಕತ್ತಲಾಗುತ್ತದೆ. ಗ್ಯಾಸ್ ಒಲೆ ಇದ್ದರೆ ಚಹಾವನ್ನು ಅದಕ್ಕೇ ಬಿಡುವುದು ಜಾಣತನ.

ಉತ್ತರ 2

ಮೇಲಿನವರ ಲೆಕ್ಕ ಸರಿಯಾಗಿದೆ. ನಾನು ಕೂರಿಸುವ ಕೆಲಸದ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ಬ್ಯಾಟರಿ ಎಷ್ಟೇ ಒಳ್ಳೆಯದಿದ್ದರೂ ಬೆಂಕಿ ಹೊತ್ತಿಕೊಳ್ಳುವುದು ವೈರಿನಲ್ಲಿ ಮತ್ತು ಜೋಡಣೆಯಲ್ಲಿ.

ನನ್ನದೇ ವ್ಯಾನಿನಲ್ಲಿ ನಡೆದದ್ದನ್ನು ಹೇಳುತ್ತೇನೆ. ಇನ್ವರ್ಟರಿಗೆ ಹೋಗುವ ದಪ್ಪ ಕೇಬಲ್ಲಿನ ತುದಿಯ ತಾಮ್ರದ ಬಳೆಯನ್ನು, ಅಂದರೆ ಲಗ್ ಅನ್ನು, ಹಲವು ಕೇಬಲ್ಲುಗಳು ಸೇರುವ ಲೋಹದ ಪಟ್ಟಿಯಾದ ಬಸ್‌ಬಾರಿಗೆ ಕೂರಿಸುವಾಗ, ಬಿಗಿ ಚೆನ್ನಾಗಿ ಬರಲೆಂದು ಲಗ್ಗಿಗೂ ಬಸ್‌ಬಾರಿಗೂ ನಡುವೆ ಒಂದು ಸ್ಟೇನ್‌ಲೆಸ್ ಸ್ಟೀಲ್ ವಾಷರ್ ಇಟ್ಟಿದ್ದೆ. ಮೂರು ತಿಂಗಳಾದ ಮೇಲೆ ಒಂದು ಸಂಜೆ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಹಲಗೆ ತೆಗೆದು ನೋಡಿದರೆ ಲಗ್ಗಿನ ಕೆಂಪು ತೋಳು ಕಂದುಬಣ್ಣಕ್ಕೆ ತಿರುಗಿ ಸುಕ್ಕುಗಟ್ಟಿತ್ತು, ತಾಮ್ರ ನೀಲಿಗಟ್ಟಿತ್ತು. ಫ್ಯೂಸ್ ಹೋಗಿರಲಿಲ್ಲ, ಹೋಗುವುದೂ ಇಲ್ಲ, ಏಕೆಂದರೆ ಕರೆಂಟ್ ಮಿತಿಯೊಳಗೇ ಇತ್ತು. ಸ್ಟೇನ್‌ಲೆಸ್ ಸ್ಟೀಲಿನ ರೋಧ ತಾಮ್ರಕ್ಕಿಂತ ಹತ್ತಾರು ಪಟ್ಟು ಹೆಚ್ಚು, ಅದರ ಎರಡು ಮುಖಗಳ ಸಂಪರ್ಕವೂ ಸರಿಯಾಗಿ ಕೂರುವುದಿಲ್ಲ. 100 ಆಂಪಿಯರ್ ಹರಿಯುವ ಕಡೆ ರೋಧ ಒಂದು ಓಮಿನ ಇನ್ನೂರನೇ ಒಂದು ಭಾಗದಷ್ಟಿದ್ದರೂ 50 ವ್ಯಾಟ್ ಶಾಖ ಹುಟ್ಟುತ್ತದೆ, ಅಂದರೆ ಬೆಸುಗೆ ಹಾಕುವ ಕಬ್ಬಿಣದಷ್ಟು. ಲಗ್ಗಿನ ತಾಮ್ರ ನೇರವಾಗಿ ಬಸ್‌ಬಾರಿನ ಮೇಲೆ ಕೂರಬೇಕು. ವಾಷರ್, ಸ್ಪ್ರಿಂಗ್ ವಾಷರ್ ಎಲ್ಲವೂ ಅದರ ಮೇಲೆ, ನಟ್ಟಿನ ಕೆಳಗೆ. ಲಗ್ಗುಗಳನ್ನು ಸುತ್ತಿಗೆಯಿಂದ ಜಜ್ಜದೆ ಹೈಡ್ರಾಲಿಕ್ ಕ್ರಿಂಪಿಂಗ್ ಉಪಕರಣದಿಂದ ಒತ್ತಿ, ಕೇಬಲ್ ಹಿಡಿದು ಬಲವಾಗಿ ಜಗ್ಗಿ ನೋಡಿ.

ಫ್ಯೂಸ್ ಇರುವುದು ಉಪಕರಣವನ್ನು ಕಾಪಾಡಲಿಕ್ಕಲ್ಲ, ವೈರನ್ನು ಕಾಪಾಡಲಿಕ್ಕೆ. ಆದ್ದರಿಂದ ಅದು ಬ್ಯಾಟರಿಯ ಪಾಸಿಟಿವ್ ಟರ್ಮಿನಲ್ಲಿಗೆ ಆದಷ್ಟು ಹತ್ತಿರವಿರಬೇಕು. ಎಂಜಿನ್ ಬ್ಯಾಟರಿಯಿಂದ ಹಿಂದಿನ ಬ್ಯಾಟರಿಗೆ ಹೋಗುವ ಕೇಬಲ್ಲಿಗೆ ಎರಡೂ ತುದಿಯಲ್ಲಿ ಫ್ಯೂಸ್ ಬೇಕು, ಏಕೆಂದರೆ ಎರಡೂ ಕಡೆ ಕರೆಂಟಿನ ಮೂಲವಿದೆ. ನಡುವೆ ಎಲ್ಲಿಯಾದರೂ ಕೇಬಲ್ ಉಜ್ಜಿ ಷಾಸಿಗೆ ತಾಗಿದರೆ ಎರಡೂ ಬ್ಯಾಟರಿಗಳು ಅಲ್ಲಿಗೆ ಸುರಿಯುತ್ತವೆ. ಲಿಥಿಯಂ ಬ್ಯಾಟರಿ ಷಾರ್ಟ್ ಆದಾಗ ಸಾವಿರಾರು ಆಂಪಿಯರ್ ಕೊಡಬಲ್ಲದು, ಆದ್ದರಿಂದ ಅದರ ಮುಖ್ಯ ಫ್ಯೂಸ್ ಅಷ್ಟನ್ನು ಕಡಿದುಹಾಕುವ ಶಕ್ತಿಯಿರುವ ಕ್ಲಾಸ್ ಟಿ ಬಗೆಯದಾಗಿದ್ದರೆ ಉತ್ತಮ.

30 ಆಂಪಿಯರ್ ಕೊಡುವ ಡಿಸಿ-ಡಿಸಿ ಚಾರ್ಜರ್ ಮುಂದಿನಿಂದ ಎಳೆಯುವುದು 40ರ ಹತ್ತಿರ, ಏಕೆಂದರೆ ಅದು ವೋಲ್ಟೇಜನ್ನು ಏರಿಸಿ ಕೊಡುತ್ತದೆ. ಹೋಗಿ ಬರುವ ದಾರಿ ಸೇರಿ 8 ಮೀಟರ್ ಇದ್ದರೆ 6 ಚದರ ಮಿಲಿಮೀಟರ್ ಕೇಬಲ್ಲಿನಲ್ಲಿ ಹೆಚ್ಚುಕಡಿಮೆ ಒಂದು ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. 16 ಚದರ ಮಿಲಿಮೀಟರ್ ಹಾಕಿದರೆ 0.35 ವೋಲ್ಟ್. 16 ಹಾಕಿ, ಎರಡೂ ತುದಿಗೆ 60 ಆಂಪಿಯರ್ ಫ್ಯೂಸ್ ಕೊಡಿ. ತಗಡಿನ ತೂತಿನ ಮೂಲಕ ಕೇಬಲ್ ಹಾಯುವಲ್ಲೆಲ್ಲ ರಬ್ಬರ್ ಗ್ರಾಮೆಟ್ ಇರಲಿ.

ಮಂಚದ ಕೆಳಗೆ ಇಡಬಹುದು, ಆದರೆ ಹಲಗೆಗೆ ಸ್ಕ್ರೂ ಹಾಕಿ ಪಟ್ಟಿ ಬಿಗಿದರೆ ಸಾಲದು. ಗಟ್ಟಿ ಡಿಕ್ಕಿಯಲ್ಲಿ ವಸ್ತುವಿನ ತೂಕ ಇಪ್ಪತ್ತು ಪಟ್ಟಾದಂತೆ ವರ್ತಿಸಬಹುದು. 30 ಕಿಲೋದ ಬ್ಯಾಟರಿ ಆ ಕ್ಷಣಕ್ಕೆ 600 ಕಿಲೋ ಆಗಿ ನಿಮ್ಮ ಬೆನ್ನಿಗೆ ಬರುತ್ತದೆ. ನೆಲದ ತಗಡಿನ ಮೂಲಕ ಬೋಲ್ಟ್ ಹಾಯಿಸಿ, ಕೆಳಗೆ ಅಗಲವಾದ ಪ್ಲೇಟ್ ಕೊಟ್ಟು ಬಿಗಿಯಿರಿ. ತೂತು ಕೊರೆಯುವ ಮುನ್ನ ವ್ಯಾನಿನ ಅಡಿಗೆ ಹೋಗಿ ಡೀಸೆಲ್ ಟ್ಯಾಂಕ್, ಬ್ರೇಕ್ ಪೈಪ್ ಎಲ್ಲಿವೆ ಎಂದು ಕಣ್ಣಾರೆ ನೋಡಿ.

ಉತ್ತರ 3

ಎಜಿಎಂ ಎಂದರೆ ದಂಡ ಎಂಬ ಭಾವನೆ ಬರಬಾರದೆಂದು ಬರೆಯುತ್ತಿದ್ದೇನೆ. ವಾರಾಂತ್ಯದಲ್ಲಿ ಮಾತ್ರ ಹೊರಟು, ಉಳಿದ ದಿನ ಮನೆಯ ಮುಂದೆ ವಿದ್ಯುತ್ ಸಂಪರ್ಕಕ್ಕೆ ಹಾಕಿಡುವವರಿಗೆ ಅದು ಪ್ರತಿ ಸಲವೂ ಪೂರ್ತಿ ತುಂಬುತ್ತದೆ, ಬಾಳುತ್ತದೆ. ಚಳಿಯ ಪ್ರದೇಶಕ್ಕೆ ಹೋಗುವವರೂ ಯೋಚಿಸಬೇಕು: ಲಿಥಿಯಂ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಒಳಗೆ ಲೋಹದ ಲಿಥಿಯಂ ಪದರಗಟ್ಟಿ ಬ್ಯಾಟರಿ ಶಾಶ್ವತವಾಗಿ ಹಾಳಾಗುತ್ತದೆ. ಆ ಉಷ್ಣಾಂಶದಲ್ಲಿ ಚಾರ್ಜ್ ತಡೆಯುವ ಬಿಎಂಎಸ್ ಇದೆಯೇ ಎಂದು ಕೇಳಿ ಕೊಳ್ಳಬೇಕು. ಮಂಚದ ಕೆಳಗೆ, ಇನ್ಸುಲೇಷನ್ ಒಳಗೆ ಇಡುವ ನಿಮ್ಮ ಯೋಚನೆ ಈ ದೃಷ್ಟಿಯಿಂದ ಒಳ್ಳೆಯದೇ. ಆದರೆ ನೀರು ಹಾಕುವ ಮಾದರಿಯ ಲೆಡ್ ಆಸಿಡ್ ಬ್ಯಾಟರಿಯನ್ನು ಮಾತ್ರ ಮಲಗುವ ಜಾಗದಲ್ಲಿ ಗಾಳಿಯಾಡದಂತೆ ಇಡಲೇಬೇಡಿ. ಚಾರ್ಜ್ ಆಗುವಾಗ ಅದು ಬಿಡುವ ಹೈಡ್ರೋಜನ್ ಗಾಳಿಯಲ್ಲಿ ಶೇ. 4 ತಲುಪಿದರೆ ಒಂದು ಕಿಡಿ ಸಾಕು.

ರಿಲೇ ಬೇಕೋ ಡಿಸಿ-ಡಿಸಿ ಚಾರ್ಜರ್ ಬೇಕೋ ಎಂಬುದನ್ನು ನಿಮ್ಮ ವ್ಯಾನೇ ಹೇಳುತ್ತದೆ. ಯೂರೋ 5, ಯೂರೋ 6 (ವಾಹನದ ಹೊಗೆಗೆ ಯುರೋಪಿನ ಮಾನದಂಡಗಳು) ಕಾಲದ ಅನೇಕ ಎಂಜಿನ್‌ಗಳಲ್ಲಿ ಆಲ್ಟರ್ನೇಟರ್ (ಎಂಜಿನ್ ತಿರುಗಿಸುವ ವಿದ್ಯುತ್ ಜನಕ) ಡೀಸೆಲ್ ಉಳಿಸಲೆಂದು ವೋಲ್ಟೇಜನ್ನು ತಾನೇ ಏರಿಸಿ ಇಳಿಸುತ್ತಿರುತ್ತದೆ. ಎಂಜಿನ್ ಬ್ಯಾಟರಿಗೆ ಮಲ್ಟಿಮೀಟರ್ ಕಟ್ಟಿ, ಪಕ್ಕದಲ್ಲಿ ಯಾರನ್ನಾದರೂ ಕೂರಿಸಿಕೊಂಡು ಅರ್ಧ ಗಂಟೆ ಓಡಿಸಿ, ಏರಿನಲ್ಲಿ, ಇಳಿಜಾರಿನಲ್ಲಿ, ಬ್ರೇಕ್ ಹಿಡಿದಾಗ ಎಷ್ಟು ತೋರಿಸುತ್ತದೆ ಎಂದು ಬರೆಸಿಕೊಳ್ಳಿ.

ಪ್ರಶ್ನೆ ಕೇಳಿದವರು

ನಿಮ್ಮೆಲ್ಲರಿಗೂ ಹೃತ್ಪೂರ್ವಕ ವಂದನೆಗಳು. ನಿನ್ನೆ ಹೆಂಡತಿ ಮೀಟರ್ ಹಿಡಿದು ಕೂತಳು, ನಾನು ಓಡಿಸಿದೆ. ಹೊರಟಾಗ 14.4 ಇತ್ತು. ಹತ್ತು ನಿಮಿಷದ ನಂತರ ಸಮತಟ್ಟಾದ ರಸ್ತೆಯಲ್ಲಿ 12.5ಕ್ಕೆ ಇಳಿದು ಅಲ್ಲಿಯೇ ನಿಂತಿತು. ಇಳಿಜಾರಿನಲ್ಲಿ ಕಾಲು ತೆಗೆದೊಡನೆ 14.9ಕ್ಕೆ ಹಾರಿತು. ಎಂಜಿನ್ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ಲಿನ ಮೇಲೆ ಒಂದು ಚಿಕ್ಕ ಕಪ್ಪು ಪೆಟ್ಟಿಗೆಯಂಥದ್ದು ಕೂಡ ಕಂಡಿತು. ಚಾರ್ಜರಿನ ನೆಗೆಟಿವ್ ವೈರನ್ನು ಆ ಟರ್ಮಿನಲ್ಲಿಗೇ ಕೊಡಬೇಕೇ?

ಉತ್ತರ 3

ಈ ಅಂಕಿಗಳನ್ನು ನೋಡಿದ ಮೇಲೆ ರಿಲೇ ವಿಚಾರ ಬಿಟ್ಟುಬಿಡಿ. ವೋಲ್ಟೇಜ್ ನೋಡಿ ಕೆಲಸ ಮಾಡುವ ರಿಲೇ ಸಾಮಾನ್ಯವಾಗಿ 13.3ಕ್ಕೆ ಸೇರಿಕೊಂಡು 12.8ಕ್ಕೆ ಬಿಟ್ಟುಕೊಳ್ಳುತ್ತದೆ, ನಿಮ್ಮ ಸಮತಟ್ಟಾದ ರಸ್ತೆಯಲ್ಲಿ ಅದು ಬಿಟ್ಟುಕೊಂಡೇ ಇರುತ್ತದೆ. ಡಿಸಿ-ಡಿಸಿ ಚಾರ್ಜರನ್ನೂ ಬರೀ ವೋಲ್ಟೇಜ್ ನೋಡಿ ಚಾಲೂ ಆಗುವಂತೆ ಬಿಡದೆ, ಎಂಜಿನ್ ಓಡುವಾಗ ಮಾತ್ರ ಕರೆಂಟ್ ಬರುವ ಒಂದು ವೈರನ್ನು ಅದರ ಸೂಚನೆಯ ಟರ್ಮಿನಲ್ಲಿಗೆ ಕೊಡಿ.

ಆ ಕಪ್ಪು ಪೆಟ್ಟಿಗೆ ಬ್ಯಾಟರಿ ಸೆನ್ಸರ್. ಬ್ಯಾಟರಿಗೆ ಎಷ್ಟು ಬಂತು, ಎಷ್ಟು ಹೋಯಿತು ಎಂಬ ಲೆಕ್ಕವನ್ನು ಎಂಜಿನ್ ಕಂಪ್ಯೂಟರಿಗೆ ಹೇಳುವುದು ಅದೇ. ನಿಮ್ಮ ನೆಗೆಟಿವ್ ವೈರನ್ನು ನೇರ ಟರ್ಮಿನಲ್ಲಿಗೆ ಕೊಟ್ಟರೆ 40 ಆಂಪಿಯರ್ ಅದರ ಲೆಕ್ಕಕ್ಕೆ ಸಿಗದೆ ಹೋಗಿ ಆಲ್ಟರ್ನೇಟರ್ ತಪ್ಪು ದಾರಿ ಹಿಡಿಯುತ್ತದೆ. ಸೆನ್ಸರಿನ ಆಚೆಗೆ, ಷಾಸಿಯಲ್ಲಿ ಕಂಪನಿಯೇ ಕೊಟ್ಟಿರುವ ಅರ್ಥ್ ಬೋಲ್ಟಿಗೆ, ಬಣ್ಣವನ್ನು ಹೊಳೆಯುವ ತಗಡು ಕಾಣುವವರೆಗೆ ಉಜ್ಜಿ ತೆಗೆದು ಕೊಡಿ. ಬಿಗಿದ ಮೇಲೆ ತುಕ್ಕು ಹಿಡಿಯದಂತೆ ಗ್ರೀಸ್ ಬಳಿಯಿರಿ. ಕೆಲಸಕ್ಕೆ ಕೂರುವ ಮುನ್ನ ಕೈಯ ಉಂಗುರ ತೆಗೆದಿಡಿ. ಎಂಜಿನ್ ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿ, ಕೊನೆಗೆ ಜೋಡಿಸಿ.

ಲಿಥಿಯಂನಲ್ಲಿ ವೋಲ್ಟೇಜ್ ನೋಡಿ ಎಷ್ಟು ಉಳಿದಿದೆ ಎಂದು ಹೇಳಲಾಗದು, ಏಕೆಂದರೆ ಮುಕ್ಕಾಲು ಖಾಲಿಯಾಗುವವರೆಗೂ ಅದು 13ರ ಆಸುಪಾಸಿನಲ್ಲೇ ಇರುತ್ತದೆ. ಒಂದು ಷಂಟ್ ಮಾನಿಟರ್ (ಬ್ಯಾಟರಿಗೆ ಬಂದು ಹೋಗುವ ಕರೆಂಟಿನ ಲೆಕ್ಕ ಇಡುವ ಮೀಟರ್) ಹಾಕಿಸಿ, ಹಿಂದಿನ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ಲಿಗೆ ಷಂಟಿನ ಕೇಬಲ್ ಒಂದೇ ಇರುವಂತೆ, ಫ್ರಿಜ್, ದೀಪ, ಚಾರ್ಜರ್, ಸೋಲಾರ್ ಎಲ್ಲದರ ನೆಗೆಟಿವ್ ಷಂಟಿನ ಇನ್ನೊಂದು ಬದಿಗೆ ಬರುವಂತೆ ನೋಡಿಕೊಳ್ಳಿ. ಸೋಲಾರ್ ಕಂಟ್ರೋಲರಿಗೆ ಮೊದಲು ಬ್ಯಾಟರಿಯ ವೈರ್, ಆಮೇಲೆ ಪ್ಯಾನೆಲ್ ವೈರ್.