ರೆಸಿಟೇಟಿವ್‌ಗೆ ಕನ್ನಡದಲ್ಲಿ ಏನಂತೀರಿ?

ಎಲ್ರಿಗೂ ನಮಸ್ಕಾರ. ಒಪೆರಾದಲ್ಲಿ, ಅಂದ್ರೆ ಪಾಶ್ಚಾತ್ಯರ ಗೀತನಾಟಕದಲ್ಲಿ, ಮಾತನ್ನೇ ಎಳೆದು ಹಾಡೋ ರೆಸಿಟೇಟಿವ್‌ಗೆ ಒಂದು ಪದ ಸಿಗದೆ ಒದ್ದಾಡ್ತಾ ಇದ್ದೀನಿ, ಗೊತ್ತಿರೋರು ಹೇಳಿ.

ಫ್ರೆಂಚ್ ಸಂಗೀತಕಾರ ಬಿಜೆಯ 'ಕಾರ್ಮೆನ್' ಒಪೆರಾದ ಎರಡು ರೆಕಾರ್ಡಿಂಗ್ ಇಟ್ಕೊಂಡು ಬರೀತಿದ್ದೆ. ಹಳೇದು ಥಾಮಸ್ ಬೀಚಂ ಆರ್ಕೆಸ್ಟ್ರಾ ನಡೆಸಿದ್ದು, 1958-59ರದ್ದು, ನಾಯಕಿ ಕಾರ್ಮೆನ್ ಆಗಿ ವಿಕ್ಟೋರಿಯಾ ದೆ ಲೋಸ್ ಆಂಹೆಲೆಸ್. ಹೊಸದು ಜಾರ್ಜ್ ಶೋಲ್ಟಿ ನಡೆಸಿದ್ದು, 1975ರದ್ದು, ಟಟಿಯಾನಾ ಟ್ರೊಯಾನೋಸ್ ಹಾಡಿರೋದು (ಇದನ್ನ ಹೊಸದು ಅಂತಾನಲ್ಲ ಅಂತ ನಗಬೇಡಿ, ನನ್ನ ಕಪಾಟಲ್ಲಿ ಅದೇ ಹೊಸದು).

ಶೋಲ್ಟಿದರಲ್ಲಿ ಹಾಡು ಮುಗಿದ ಮೇಲೆ ಪಾತ್ರಗಳು ಬರೀ ಮಾತಾಡ್ತಾವೆ, ನಮ್ಮ ಕಂಪನಿ ನಾಟಕದ ಥರಾನೇ. ಬೀಚಂದರಲ್ಲಿ ಅದೇ ಜಾಗದಲ್ಲಿ ಆರ್ಕೆಸ್ಟ್ರಾ ಜೊತೆ ಮಾತನ್ನೇ ಎಳೆದು ಹಾಡ್ತಾರೆ, ಹಾಡೂ ಅಲ್ಲ ಮಾತೂ ಅಲ್ಲ, ಅದೇ ರೆಸಿಟೇಟಿವ್. ಅದು ಬಿಜೆ ಬರೆದಿದ್ದಲ್ಲ. 1875ರ ಮಾರ್ಚಲ್ಲಿ ಪ್ಯಾರಿಸ್ಸಲ್ಲಿ ಮೊದಲ ಪ್ರದರ್ಶನ ಆದಾಗ ಇದ್ದಿದ್ದು ಮಾತೇ, ಜೂನಲ್ಲಿ ಬಿಜೆ ತೀರ್ಕೊಂಡ, ಆಮೇಲೆ ವಿಯೆನ್ನಾದವರಿಗೋಸ್ಕರ ಅವನ ಗೆಳೆಯ ಅರ್ನೆಸ್ಟ್ ಗಿರೋ ಈ ಭಾಗ ಸೇರಿಸಿದ. ಸೇರಿಸೋವಾಗ ಎಷ್ಟೋ ಮಾತು ಹಾರಿಹೋಯ್ತು. ಕೊನೇಲಿ ಕಾರ್ಮೆನ್‌ನ ಚಾಕುವಿಂದ ಇರಿದು ಕೊಲ್ಲೋ ಸೈನಿಕ ಡಾನ್ ಹೋಸೆನ ಪಾದ್ರಿ ಮಾಡ್ಬೇಕು ಅಂತ ಮನೆಯವರಿಗಿತ್ತು, ಚೆಂಡಾಟದಲ್ಲಿ ಗೆದ್ದು ಜಗಳ ಆಗಿ ಊರು ಬಿಟ್ಟ, ಹಾಗೇ ಸೈನ್ಯ ಸೇರಿದ ಅನ್ನೋದು ಮೊದಲನೇ ಅಂಕದ ಮಾತಲ್ಲಿ ಬರುತ್ತೆ, ಗಿರೋದರಲ್ಲಿ ಇಲ್ಲ. ಅವನಿಗೆ ಕೈ ಮುಂದೆ ಅನ್ನೋದು ಮೊದಲೇ ಗೊತ್ತಾದ್ರೆ ಕೊನೇ ಚಾಕು ಬೇರೆ ಥರ ಕಾಣುತ್ತೆ ಅಲ್ವಾ? ಕತೆಗೆ ಶೋಲ್ಟಿದೇ ಸರಿ ಅಂತೀನಿ. ಆದ್ರೆ ದೆ ಲೋಸ್ ಆಂಹೆಲೆಸ್ ನಗುನಗ್ತಾ ಕಾಡಿಸೋ ಆ ಹಬನೆರಾಗೆ (ಕಾರ್ಮೆನ್ ಮೊದಲು ಬಂದಾಗ ಹಾಡೋ ಹಾಡು) ಮತ್ತೆ ಮತ್ತೆ ಬೀಚಂ ಹತ್ರಾನೇ ಹೋಗ್ತೀನಿ.

ಈಗ ಪದ. ಮೊದಲು 'ಗಮಕ' ಅಂತ ಬರೆದೆ. ಕುಮಾರವ್ಯಾಸನ್ನ ತಾಳ ಇಲ್ದೆ ರಾಗದಲ್ಲಿ ಓದ್ತಾರಲ್ಲ, ಮಾತಿನ ನಡೆಗೆ ರಾಗ ಬಗ್ಗೋದು, ಅದು ತುಂಬಾ ಹತ್ರ. ಆದ್ರೆ ಸಂಗೀತದ ಲೇಖನದಲ್ಲಿ ಗಮಕ ಅಂದ್ರೆ ಓದೋರು ಸ್ವರದ ಅಲುಗಾಟ ಅಂದ್ಕೋತಾರೆ, ಮೇಲಾಗಿ ಗಮಕಿ ಒಬ್ಬನೇ ಎಲ್ಲ ಪಾತ್ರನೂ ಓದ್ತಾನೆ, ಇಲ್ಲಿ ಪಾತ್ರಗಳೇ ಒಬ್ಬರಿಗೊಬ್ಬರು ಉತ್ತರ ಕೊಡೋದು. 'ಅರ್ಥಗಾರಿಕೆ' ಅಂತೂ ಆಗಲ್ಲ, ಅದು ಯಕ್ಷಗಾನದಲ್ಲಿ ಭಾಗವತರ ಪದ ಆದ್ಮೇಲೆ ಬರೋ ಆಶುಮಾತು, ಅದರಲ್ಲಿ ರಾಗಾನೇ ಇಲ್ಲ. 'ವಾಚನ' ಅಂದ್ರೆ ಸಪ್ಪೆ. ನಾನೇ 'ಹಾಡುಮಾತು' ಅಂತ ಕಟ್ಟಿದೀನಿ, ಕಿವಿಗೆ ಹೇಗಿದೆ?

ಇನ್ನೊಂದು. ಮಾತು ಇರೋ ಮೂಲ ರೂಪಕ್ಕೆ ಫ್ರೆಂಚರು 'ಒಪೆರಾ ಕೊಮಿಕ್' ಅಂತಾರೆ. ಅದನ್ನ 'ಹಾಸ್ಯ ಗೀತನಾಟಕ' ಅಂತ ಮಾಡಿದ್ರೆ ಎಡವಟ್ಟು, ಕೊನೇಲಿ ನಾಯಕಿ ಕೊಲೆ ಆಗ್ತಾಳೆ! ಅಲ್ಲಿ ಆ ಹೆಸರಿಗೆ ನಗು ಬೇಕಿಲ್ಲ, ಹಾಡಿನ ಮಧ್ಯೆ ಮಾತಿದ್ರೆ ಆಯ್ತು. 'ಮಾತಿನ ಒಪೆರಾ' ಅಂತ ಬಿಡ್ಲಾ, ಇಲ್ಲಾ ಫ್ರೆಂಚ್ ಹೆಸರನ್ನೇ ಇಟ್ಕೊಳ್ಳೋದು ಮೇಲಾ?