‘ಪುಟ್ ಅಪ್’: ಇಳಿದುಕೊಳ್ಳೋದಾ, ಏಗೋದಾ?

ವಿಜಯಪುರದ ಸರ್ಕಾರಿ ಕಚೇರಿಗಳಲ್ಲಿ ‘ಫೈಲ್ ಪುಟಪ್ ಮಾಡ್ರಿ’ ಅನ್ನೋದು ದಿನಾ ಕಿವಿಗೆ ಬೀಳುವ ಮಾತು. ಹೊಸದಾಗಿ ವರ್ಗವಾಗಿ ಬಂದವರನ್ನು ಅದೇ ಸಾಹೇಬರು ‘ವೇರ್ ಆರ್ ಯು ಪುಟ್ ಅಪ್?’ ಎಂದೂ ಕೇಳುತ್ತಾರೆ. ಮೊದಲನೆಯದಕ್ಕೆ ಕನ್ನಡ ಸಿದ್ಧವಾಗಿದೆ: ವಿಷಯ ನಿರ್ವಾಹಕರು ಕಡತ ‘ಮಂಡಿಸುತ್ತಾರೆ’. ಗೊಂದಲ ಇರೋದು ಎರಡನೆಯದರಲ್ಲಿ.

ಇಂಗ್ಲೆಂಡಿನವರ ಮಾತಿನಲ್ಲಿ ಇದು ನಾಲ್ಕು ದಿನದ ವಾಸಕ್ಕೆ ಹೇಳುವಂಥದ್ದು. ‘ದೇ ಪುಟ್ ಅಸ್ ಅಪ್ ಫಾರ್ ದ ನೈಟ್’ ಅಂದರೆ ರಾತ್ರಿ ನಮ್ಮನ್ನು ಉಳಿಸಿಕೊಂಡರು. (‘ಅಸ್’ ನಡುವೆಯೇ ಬರಬೇಕು, ‘ಪುಟ್ ಅಪ್ ಅಸ್’ ಅನ್ನುವಂತಿಲ್ಲ.) ಸ್ವಂತ ಮನೆ ಕಟ್ಟಿ 20 ವರ್ಷ ಆದವರು ‘ಐ ಆಮ್ ಪುಟ್ ಅಪ್ ಇನ್ ಜಲನಗರ’ ಅಂದರೆ, ಯಾರದೋ ಮನೆಗೆ ನೆಂಟರಾಗಿ ಬಂದಿದ್ದಾರೆ ಅಂತ ಅಲ್ಲಿಯವರು ತಿಳಿಯುತ್ತಾರೆ. ಕಾಯಂ ವಾಸಕ್ಕೂ ಇದನ್ನು ಎಳೆದದ್ದು ನಾವು ಭಾರತದವರು. ತಪ್ಪು ಅನ್ನೋಕೆ ನನಗೆ ಮನಸ್ಸಿಲ್ಲ, ಇಲ್ಲಿ ಎಲ್ಲರಿಗೂ ತಿಳಿಯುತ್ತದೆ. ಹೊರದೇಶಕ್ಕೆ ಬರೆಯುವಾಗ ಮಾತ್ರ ‘ಲಿವ್’ ಸಾಕು.

ನಮ್ಮ ಕಡೆ ಈ ಭೇದ ಚೆನ್ನಾಗಿಯೇ ಇದೆ. ‘ಎಲ್ಲಿ ಇಳಕೊಂಡೀರಿ?’ ಅಂತ ಕೇಳೋದು ಪರ ಊರಿನವರನ್ನು. ರಾತ್ರಿ ಉಳಿದರೆ ‘ವಸ್ತಿ’. ಹಳ್ಳಿಯಲ್ಲೇ ರಾತ್ರಿ ನಿಂತು ಬೆಳಿಗ್ಗೆ ಹೊರಡುವ ಬಸ್ಸು ‘ವಸ್ತಿ ಬಸ್ಸು’. ಲಗ್ನಪತ್ರಿಕೆಯಲ್ಲಿ ‘ಸಾ॥ ಇಂಡಿ’ ಅಂತಿದ್ದರೆ ಅದು ಸಾಕಿನ್, ಕಾಯಂ ಊರು. ಮುಕ್ಕಾಂ ಅಂದರೆ ಸದ್ಯ ಉಳಿದಿರೋ ಜಾಗ. ವಿಳಾಸದಲ್ಲಿ ‘ಮು॥ ಪೋ॥’ (ಮುಕ್ಕಾಂ ಪೋಸ್ಟ್) ಅಂತ ಬರೆದೂ ಬರೆದೂ ಆ ಅರ್ಥ ಸ್ವಲ್ಪ ಸವೆದಿದೆ, ಬಿಡಿ. ಹಾಗಾಗಿ ನನ್ನ ಓಟು ‘ಇಳಿದುಕೊಳ್ಳು’ಗೆ. ಇಂಗ್ಲಿಷಿನವರು ಮೇಲೆ ಇಡುತ್ತಾರೆ, ನಾವು ಕೆಳಗೆ ಇಳಿಯುತ್ತೇವೆ, ಅಷ್ಟೇ!

ಬೆಲೆ ಏರಿಸೋದು, ಪೆಂಡಾಲ್ ಹಾಕೋದು, ಮನೆ ಮಾರಾಟಕ್ಕಿಡೋದು, ಇವೂ ಪುಟ್ ಅಪ್ಪೇ. ಅವುಗಳಲ್ಲಿ ತಕರಾರಿಲ್ಲ. ‘ಪುಟ್ ಹಿಮ್ ಅಪ್ ಟು ಇಟ್’ ಬಂದಾಗ ಕೆಲವರು ‘ಎತ್ತಿಕಟ್ಟು’ ಬಳಸುತ್ತಾರೆ. ಆದರೆ ಎತ್ತಿಕಟ್ಟೋಕೆ ಎದುರಿಗೆ ಇನ್ನೊಬ್ಬರು ಬೇಕಲ್ವಾ? ಹುಡುಗನಿಗೆ ಗೆಳೆಯರು ಮಾವಿನಕಾಯಿ ಕದಿಯೋಕೆ ಹಚ್ಚಿದರೆ ಅದು ಕುಮ್ಮಕ್ಕು.

ನಿಜಕ್ಕೂ ಕೇಳಬೇಕಾದ್ದು ‘ಪುಟ್ ಅಪ್ ವಿತ್’ ಬಗ್ಗೆ. ‘ಸಹಿಸು’ ಸರಿ, ಆದರೆ ಪುಸ್ತಕದ ವಾಸನೆ ಜಾಸ್ತಿ. ‘ಏಗು’ ಹಾಕೋಣ ಅಂದರೆ ಎಲ್ಲ ಕಡೆ ಹೊಂದಲ್ಲ. ಹಟಮಾರಿ ಮಗನ ಜೊತೆ ಏಗುತ್ತೇವೆ, ಮೇ ತಿಂಗಳ ಬಿಸಿಲಿನ ಜೊತೆ ಏಗುತ್ತೇವೆ ಅನ್ನಲ್ಲ. ಬಿಸಿಲನ್ನು ತಡೆದುಕೊಳ್ಳುತ್ತೇವೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ. ಏಗೋದರಲ್ಲಿ ಎದುರಿನವರ ಜೊತೆ ಜಗ್ಗಾಟ ಇದೆ, ತಡೆದುಕೊಳ್ಳೋದರಲ್ಲಿ ಅದಿಲ್ಲ. ಎರಡಕ್ಕೂ ಹೊಂದುವ ಒಂದೇ ಮಾತು ಚಿಕ್ಕೋಡಿ, ಜಮಖಂಡಿ ಕಡೆ ಇದೆಯಾ? ಅಥವಾ ವಾಕ್ಯ ನೋಡಿಕೊಂಡು ಬೇರೆ ಬೇರೆ ಪದ ಬಳಸೋದೇ ಸರಿಯಾ?