ಅಪ್‌ಡೇಟ್: ಎರಡನೇ ಪ್ರೋಸೆಸ್ ಶುರುವಾದ ಕೂಡಲೇ ರೀಬೂಟ್ ಆಗ್ತಿದ್ದ ಕರ್ನಲ್ ಸರಿಹೋಯ್ತು

ಹೋದ ವಾರ ಕೇಳಿದ್ದೆ: ಹವ್ಯಾಸಕ್ಕೆ ಬರೀತಿರೋ ನನ್ನ 64 ಬಿಟ್ ಎಕ್ಸ್86 ಕರ್ನಲ್‌ನಲ್ಲಿ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಒಂದೇ ಯೂಸರ್ ಪ್ರೋಸೆಸ್ ಇದ್ದರೆ ಟೈಮರ್ ಇಂಟರಪ್ಟ್ (ಆಗಾಗ ಪ್ರೋಸೆಸ್ಸನ್ನು ತಡೆದು ಕರ್ನಲ್ಲನ್ನು ಕರೆಯೋ ಸಂಕೇತ) ಚೆನ್ನಾಗಿ ನಡೆಯುತ್ತೆ, ಎರಡಾದರೆ ರೀಬೂಟ್. ತಪ್ಪು ಸಿಕ್ಕಿತು, ನನ್ನದೇ.

ಇಂಟರಪ್ಟ್ ಬಂದು ರಿಂಗ್ 3ರಿಂದ (ಯೂಸರ್ ಮಟ್ಟ) ರಿಂಗ್ 0ಗೆ (ಕರ್ನಲ್ ಮಟ್ಟ) ಬರುವಾಗ ಸಿಪಿಯು ಯೂಸರ್ ಸ್ಟ್ಯಾಕನ್ನು (ತಾತ್ಕಾಲಿಕ ಮಾಹಿತಿ ಪೇರಿಸೋ ಮೆಮೊರಿ) ನಂಬಲ್ಲ. ಟಿಎಸ್‌ಎಸ್ ಅನ್ನೋ ಕೋಷ್ಟಕದ ಆರ್‌ಎಸ್‌ಪಿ0 ಜಾಗದಲ್ಲಿರೋ ಕರ್ನಲ್ ಸ್ಟ್ಯಾಕಿನ ವಿಳಾಸಕ್ಕೆ ತಾನೇ ಹೋಗಿ ಎಸ್‌ಎಸ್, ಆರ್‌ಎಸ್‌ಪಿ, ಫ್ಲ್ಯಾಗ್ಸ್, ಸಿಎಸ್, ಆರ್‌ಐಪಿ ಐದೂ ರಿಜಿಸ್ಟರ್‌ಗಳನ್ನು (ವಾಪಸ್ ಹೋಗೋಕೆ ಬೇಕಾದ ಲೆಕ್ಕ) ಅಲ್ಲಿ ಪುಶ್ ಮಾಡುತ್ತೆ, ಒಟ್ಟು 40 ಬೈಟ್. ನಾನು ಆರ್‌ಎಸ್‌ಪಿ0ವನ್ನು ಬೂಟ್ ವೇಳೆ ಒಮ್ಮೆ ಬರೆದು ಕೈತೊಳೆದುಕೊಂಡಿದ್ದೆ. ಹಾಗಾಗಿ ಎರಡನೇ ಪ್ರೋಸೆಸ್‌ನ ಇಂಟರಪ್ಟ್, ಮೊದಲನೆಯದು ಬಿಟ್ಟುಹೋದ ಫ್ರೇಮಿನ (ಆ ಐದರ ಕಟ್ಟು) ಮೇಲೇ ಬರೀತಿತ್ತು. ಪಾಳಿ ಮೇಲೆ ಇಬ್ಬರು ಒಂದೇ ಮಂಚದಲ್ಲಿ ಮಲಗೋ ನಮ್ಮ ಪುಣೆಯ ಕೊಥ್ರೂಡ್ ರೂಮಿನ ಕಥೆಯೇ. ವಾಪಸ್ ಹೋಗುವಾಗ ಸ್ಟ್ಯಾಕಿಂದ ಕಸ ಬಂತು, ಫಾಲ್ಟ್ ಮೇಲೆ ಫಾಲ್ಟ್, ಕೊನೆಗೆ ಟ್ರಿಪಲ್ ಫಾಲ್ಟ್, ಅಂದ್ರೆ ರೀಬೂಟ್.

ಶನಿವಾರ ರಾತ್ರಿ, ಹೊರಗೆ ಜಡಿಮಳೆ. ಇಂಟರಪ್ಟ್ ಹ್ಯಾಂಡ್ಲರ್ ಶುರುವಿನ ಆರ್‌ಎಸ್‌ಪಿಯನ್ನು (ಸ್ಟ್ಯಾಕಿನ ಸದ್ಯದ ತುದಿಯ ವಿಳಾಸ) ಕ್ಯೂಎಮು ಎಮ್ಯುಲೇಟರಿನ ಸೀರಿಯಲ್ ಪೋರ್ಟಿಗೆ ಪ್ರಿಂಟ್ ಮಾಡಿಸ್ತಿದ್ದೆ. ಬೆಳಗಾವಿಯ ರೂಮ್‌ಮೇಟ್ ಚಹಾ ಇಡುತ್ತಾ, "ಅಲ್ಲೋ, ಎರಡಕ್ಕೂ ಅದ ನಂಬರ್ ಬರಾಕತ್ತೈತಲ್ಲೋ" ಅಂದ. ಅವನು ಅಕೌಂಟ್ಸ್‌ನವನು!

ಪರಿಹಾರ ಒಂದೇ ಸಾಲು: ಶೆಡ್ಯೂಲರ್ (ಪ್ರೋಸೆಸ್‌ಗಳಿಗೆ ಪಾಳಿ ಹಂಚೋ ಭಾಗ) ಪ್ರೋಸೆಸ್ ಬದಲಿಸುವಾಗ ಹೊಸದರ ಕರ್ನಲ್ ಸ್ಟ್ಯಾಕಿನ ಮೇಲ್ತುದಿಯನ್ನು ಆರ್‌ಎಸ್‌ಪಿ0ಗೆ ಬರೆಯೋದು. ಮೊದಲು ಸ್ಟ್ಯಾಕಿನ ಅರೇಯ ಶುರುವಿನ, ಅಂದ್ರೆ ಕೆಳತುದಿಯ, ವಿಳಾಸ ಕೊಟ್ಟು ಅರ್ಧ ಗಂಟೆ ಒದ್ದಾಡಿದೆ, ಸ್ಟ್ಯಾಕ್ ಕೆಳಮುಖವಾಗಿ ಬೆಳೆಯುತ್ತೆ ಅಂತ ಗೊತ್ತಿದ್ದೂ.

ಡಬಲ್ ಫಾಲ್ಟ್‌ಗೆ (ಒಂದು ಫಾಲ್ಟ್ ನಿಭಾಯಿಸುವಾಗಲೇ ಇನ್ನೊಂದು) ಐಎಸ್‌ಟಿಯ (ಟಿಎಸ್‌ಎಸ್‌ನಲ್ಲಿರೋ ಬೇರೆ ಸ್ಟ್ಯಾಕ್‌ಗಳ ಪಟ್ಟಿ) 7 ಜಾಗಗಳಲ್ಲಿ ಒಂದರಲ್ಲಿ ಬೇರೆ ಸ್ಟ್ಯಾಕ್ ಇಡಿ ಅಂದವರ ಮಾತೂ ಕೇಳಿದೆ. ಈಗ ಕರ್ನಲ್ ಸ್ಟ್ಯಾಕ್ ಗಾರ್ಡ್ ಪೇಜಿಗೆ (ಸ್ಟ್ಯಾಕಿನ ಕೆಳಗಿರೋ, ಮುಟ್ಟಿದರೆ ಫಾಲ್ಟ್ ಆಗೋ ಪುಟ) ಡಿಕ್ಕಿ ಹೊಡೆದರೂ ರೀಬೂಟ್ ಆಗಲ್ಲ, ವಿಳಾಸ ಪ್ರಿಂಟ್ ಮಾಡಿ ನಿಲ್ಲುತ್ತೆ. ರೆಡ್ ಝೋನ್ (ಸ್ಟ್ಯಾಕ್ ತುದಿಯ ಕೆಳಗೆ ಕಂಪೈಲರ್ ಬಳಸೋ ಜಾಗ, ಇಂಟರಪ್ಟ್ ಅದರ ಮೇಲೆ ಬರೀಬಹುದು) ಕಾರಣವೇ ಅಂತ ಕೇಳಿದವರಿಗೆ: ಅದು ಮೊದಲಿಂದಲೂ ಆಫ್ ಇತ್ತು.